ಎಲ್ಲ ಹಾಡಿಗೂ ಒಂದೇ ಪೆಟ್ಟಿಗೆ

ನನ್ನ ದೊಡ್ಡಪ್ಪ ಹಗಲು ಬೀಗ ರಿಪೇರಿ ಮಾಡುತ್ತಾರೆ, ಸಂಜೆ ಗಿಟಾರ್ ನುಡಿಸುತ್ತಾರೆ. ಎರಡಕ್ಕೂ ಬಂಡವಾಳ ಒಂದೇ, ಕಿವಿ. ಬೀಗದ ಕೈ ಕಳೆದುಕೊಂಡವರ ಬಾಗಿಲಿಗೆ ಕಿವಿಯಾನಿಸಿ, ಸಣ್ಣ ಕಡ್ಡಿ ಆಡಿಸುತ್ತಾ, ಒಳಗೆ ಟಿಕ್ ಅನ್ನುವುದನ್ನೇ ಕಾಯುತ್ತಾರೆ. ಆ ಹೊತ್ತಿನಲ್ಲಿ ಮನೆಯ ಯಜಮಾನನೇ ಕೆಮ್ಮಿದರೂ ಕೆಕ್ಕರಿಸಿಕೊಂಡು ನೋಡುತ್ತಾರೆ. ಮನೆಯಲ್ಲಿ ದೊಡ್ಡಮ್ಮ ಕರೆದಾಗ ಮಾತ್ರ ಅದೇ ಕಿವಿ ರಜೆಯ ಮೇಲಿರುತ್ತದೆ. ನಾನೊಂದು ಬೀಗವಾಗಿ ಹುಟ್ಟಬೇಕಿತ್ತು ಎಂದು ದೊಡ್ಡಮ್ಮ ಆಗಾಗ ಹೇಳುವುದುಂಟು.

ಅವರ ಬ್ಯಾಂಡಿನಲ್ಲಿ ನಾಲ್ಕು ಜನ. ಮೊದಲೆಲ್ಲ ದೊಡ್ಡ ಸಭಾಂಗಣಗಳ ವೇದಿಕೆ. ಗಿಟಾರಿನ ದನಿ ಏರಿಸುವ ಆಂಪ್ಲಿಫೈಯರ್ ಪೆಟ್ಟಿಗೆ ಎಲ್ಲೋ ಹಿಂದಿನ ಗೋಡೆಯ ಹತ್ತಿರ ಇರುತ್ತಿತ್ತು, ದೊಡ್ಡಪ್ಪ ಮುಂದೆ, ಜನರ ಹತ್ತಿರ. ಈಗ ಅಂಥ ಕಾರ್ಯಕ್ರಮಗಳು ಕಡಿಮೆಯಾಗಿ, ಪೇಟೆಯ ಹೋಟೆಲೊಂದರ ಮೂಲೆಗೆ ಬಂದಿದ್ದಾರೆ. ಅಲ್ಲಿ ಡ್ರಮ್ ಇಟ್ಟ ಮೇಲೆ ಉಳಿಯುವುದು ಒಂದು ಚಾಪೆಯಷ್ಟು ಜಾಗ. ಪೆಟ್ಟಿಗೆಯನ್ನು ನೆಲದ ಮೇಲೆ ಹಿಮ್ಮಡಿಗೆ ತಾಗಿಸಿಟ್ಟು, ಅದಕ್ಕೆ ಬೆನ್ನು ಹಾಕಿ ನಿಂತು ನುಡಿಸುತ್ತಾರೆ. ಕೂತು ನುಡಿಸುವುದೆಂದರೆ ಅವರಿಗೆ ಮೈಗಳ್ಳತನ.

ಊಟಕ್ಕೆ ಬರುವವರ ರುಚಿಯೋ, ಒಬ್ಬರದು ಏರಿಗೆ, ಇನ್ನೊಬ್ಬರದು ನೀರಿಗೆ. ಒಂದು ಮೇಜಿನವರಿಗೆ ನಿಧಾನದ ಹಳೆಯ ಹಾಡು ಬೇಕು, ಪಕ್ಕದವರಿಗೆ ಕುಣಿತದ್ದು, ಕಿಟಕಿಯ ಬದಿಯ ಕಾಲೇಜು ಗುಂಪಿಗೆ ಗರಗರ ಅನ್ನುವ ರಾಕ್. ಎಲ್ಲಕ್ಕೂ ಒಗ್ಗುವಂಥ ಒಂದು ಹೊಸ ಆಂಪ್ಲಿಫೈಯರ್ ಬೇಕು ಎಂದು ದೊಡ್ಡಪ್ಪ ಹೇಳಿದಾಗ ಯಾರಿಗೂ ಅನುಮಾನ ಬರಲಿಲ್ಲ. ಕಾರಿದೆ ಎಂಬ ಒಂದೇ ಅರ್ಹತೆಯಿಂದ ನನ್ನನ್ನು ಕರೆದರು. ದೊಡ್ಡಮ್ಮ ಮನೆಗಳಿಗೆ ಪರದೆ ಹೊಲಿದು ಕೊಡುವವರು. ಯಾವ ಅಂಗಡಿಯವನ ಮಾತನ್ನೂ ನಂಬದವರು. ನಾನೂ ಬರುತ್ತೇನೆಂದರು.

ದೊಡ್ಡಮ್ಮ ಮನೆಗೆ ಬೀಗ ಹಾಕುತ್ತಿದ್ದ ಹೊತ್ತಿನಲ್ಲಿ ದೊಡ್ಡಪ್ಪ ಕಾರಿನೊಳಗೆ ನನಗೆ ನಿಜ ಹೇಳಿದರು.

"ಪೆಟ್ಟಿಗೆ ಚೆನ್ನಾಗೇ ಇದೆಯೇನೋ ಕಣಮ್ಮ. ನನ್ನ ಕಿವೀನೇ ಹೋಗ್ತಾ ಇದೆ. ದೊಡ್ಡಮ್ಮಂಗೆ ಹೇಳ್ಬೇಡ."

ಸಣ್ಣ ತಂತಿಗಳ ಚೂಪು ದನಿ ಈಚೆಗೆ ತಮಗೆ ಮಂಕಾಗಿ ಕೇಳುತ್ತದಂತೆ. ಅದಕ್ಕೇ ಆ ಚೂಪನ್ನು ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಏರಿಸುತ್ತಾ ಹೋಗಿದ್ದಾರೆ. ಕೇಳುವವರಿಗೆ ಅದು ಚುಚ್ಚುತ್ತಿದೆ. ಬ್ಯಾಂಡಿನ ಗಾಯಕಿ ಹಾಡುವಾಗ ಒಂದು ಕಿವಿ ಮುಚ್ಚಿಕೊಳ್ಳುತ್ತಾಳೆ. ಹೋಟೆಲಿನವರು ಗಿಟಾರಿಗೆ ಬೇರೆಯವರನ್ನು ನೋಡಿ ಎಂದಿದ್ದಾರೆ ಎಂದು ಅವಳೇ ತಿಳಿಸಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದೆ. ಬೇಡವೆಂದರು. ಕಿವಿ ಹೋಗಿದೆಯೆಂದು ಡಾಕ್ಟರೇ ಹೇಳಿಬಿಟ್ಟರೆ ಮುಗಿಯಿತಲ್ಲ ಎಂದರು. ಹಾಗಾದರೆ ಬೀಗದ ಟಿಕ್ ಹೇಗೆ ಕೇಳುತ್ತದೆ ಎಂದು ಕೇಳಿದ್ದಕ್ಕೆ, ಅದು ಬೆರಳಿಗೆ ಗೊತ್ತಾಗುತ್ತಿರಬೇಕು ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಅಷ್ಟರಲ್ಲಿ ದೊಡ್ಡಮ್ಮ ಬಂದು ಹತ್ತಿದರು.

ಅಂಗಡಿಯ ಹಿಂಭಾಗದಲ್ಲಿ ಆಂಪ್ಲಿಫೈಯರುಗಳನ್ನು ಸಾಲಾಗಿ ನೆಲದ ಮೇಲಿಟ್ಟಿದ್ದರು. ಇದ್ದದ್ದು ಒಂದೇ ಗಿಡ್ಡ ಸ್ಟೂಲು, ಪೆಟ್ಟಿಗೆಗಳ ಎದುರಿಗೇ. ದೊಡ್ಡಮ್ಮ ಅದರ ಮೇಲೆ ಕೂತರು. ದೊಡ್ಡಪ್ಪ ಒಂದೊಂದಕ್ಕೂ ಗಿಟಾರಿನ ವೈರು ಸಿಕ್ಕಿಸಿ, ಅದಕ್ಕೆ ಬೆನ್ನು ಹಾಕಿ ನಿಂತು, ನಿಧಾನದ್ದು, ಕುಣಿತದ್ದು, ರಾಕ್, ಮೂರನ್ನೂ ನುಡಿಸಿ ನೋಡುತ್ತಿದ್ದರು. ಮೊದಲನೆಯದು ಮಂಕು. ಎರಡನೆಯದು, ಕಾಲಲ್ಲಿ ಒಂದು ಗುಂಡಿ ಒತ್ತಿದರೆ ಸೌಮ್ಯ ದನಿಯಿಂದ ಗರಗರಕ್ಕೆ ಜಿಗಿಯುವ ಒಂದು ಹಗುರ ಪೆಟ್ಟಿಗೆ. ಅದೂ ಮಂಕು. ಮೂರನೆಯದೂ ಅಷ್ಟೇ. ಪ್ರತಿಸಲವೂ ಟ್ರೆಬಲ್ ಏರುತ್ತಿತ್ತು, ದೊಡ್ಡಪ್ಪನ ಮುಖ ಇಳಿಯುತ್ತಿತ್ತು. ಅಂಗಡಿಯವನು ಪಾಪ, ಇನ್ನೂ ದೊಡ್ಡದನ್ನು ತೋರಿಸಲೇ ಎಂದು ಕೇಳಿದ. ಬೇಡ, ನಡೀರಿ ಹೋಗೋಣ ಎಂದು ದೊಡ್ಡಪ್ಪ ಗಿಟಾರಿನ ಪಟ್ಟಿ ಬಿಚ್ಚತೊಡಗಿದರು. ಅವರು ಮತ್ತೆ ಗಿಟಾರ್ ಮುಟ್ಟುವುದಿಲ್ಲವೆಂದು ನನಗೆ ಅನ್ನಿಸಿಬಿಟ್ಟಿತು.

ದೊಡ್ಡಮ್ಮ ಅಲ್ಲಿಯವರೆಗೆ ಎರಡೂ ಕಿವಿ ಮುಚ್ಚಿಕೊಂಡಿದ್ದರು. ಈಗ ಕೈ ತೆಗೆದರು.

"ಏನ್ರೀ ಮಂಕು? ಕಿವಿಗೆ ಸೂಜಿ ಹಾಕಿ ಹೊಲಿದ ಹಾಗಿದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ನಿಂಗೇನು ಗೊತ್ತಾಗುತ್ತೆ?"

"ಗೊತ್ತಾಗದೆ ಏನು? ಬನ್ನಿ, ಇಲ್ಲಿ ಕೂತ್ಕೊಂಡು ನುಡಿಸಿ. ನನ್ನ ಪಾಡು ನಿಮಗೂ ತಿಳೀಲಿ."

ದೊಡ್ಡಮ್ಮ ಎದ್ದರು. ಹೆಂಡತಿಗೆ ಎದುರು ಹೇಳುವ ಶಕ್ತಿಯೂ ಅವತ್ತು ಉಳಿದಿರಲಿಲ್ಲವೇನೋ, ದೊಡ್ಡಪ್ಪ ಸುಮ್ಮನೆ ಸ್ಟೂಲಿನ ಮೇಲೆ ಕೂತರು. ಪೆಟ್ಟಿಗೆಯ ಬಾಯಿ ಈಗ ಅವರ ಮುಖಕ್ಕೆ ನೇರವಾಗಿತ್ತು. ಕೆಳಗಿನ ಸಣ್ಣ ತಂತಿಯನ್ನು ಒಂದೇ ಸಲ ಮೀಟಿದರು, ಹಾವು ತುಳಿದವರ ಹಾಗೆ ಹಿಂದಕ್ಕೆ ಸರಿದರು. ಗಿಟಾರ್ ತೊಡೆಯಿಂದ ಜಾರಿತು, ನಾನು ಹಿಡಿದುಕೊಂಡೆ.

ಆಮೇಲೆ ಅವರು ಮಾಡಿದ್ದನ್ನು ನೋಡಬೇಕಿತ್ತು. ಮೀಟಿ ಎದ್ದು ನಿಂತರು, ಮಂಕು. ಮೀಟಿ ಕೂತರು, ಚೂಪು. ಮತ್ತೆ ಎದ್ದರು, ಮತ್ತೆ ಕೂತರು. ಅಂಗಡಿಯವನು ನನ್ನ ಮುಖ ನೋಡಿದ. ಸ್ಪೀಕರಿನ ಚೂಪು ದನಿ ಟಾರ್ಚಿನ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ, ಅಷ್ಟು ಹತ್ತಿರ ನಿಂತವರ ಕಿವಿಗೆ ಏರುವುದಿಲ್ಲ. ಸಭಾಂಗಣದಲ್ಲಿ ದೂರ ನಿಲ್ಲುತ್ತಿದ್ದಾಗ ಸರಿಯಾಗಿಯೇ ಕೇಳುತ್ತಿತ್ತು. ಹೋಟೆಲಿನ ಮೂಲೆಯಲ್ಲಿ ಅದು ದೊಡ್ಡಪ್ಪನ ಕಾಲ ಸಂದಿಯಿಂದ ನುಸುಳಿ, ಎದುರಿಗೆ ಕೂತು ಉಣ್ಣುವವರ ಕಿವಿಗೆ ನೆಟ್ಟಗೆ ಹೋಗಿ ನಾಟುತ್ತಿತ್ತು. ಜನರನ್ನು ಚುಚ್ಚಿದ ಅಷ್ಟೂ ದಿನ ಇವರ ಮೊಣಕಾಲೊಂದೇ ಸಂಗೀತ ಕೇಳಿದೆ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ.

ಕೊನೆಗೆ ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು ಟ್ರೆಬಲ್ ಗುಂಡಿಯನ್ನು ಸಾಕಷ್ಟು ಇಳಿಸಿ, ಅದೇ ತಂತಿಯನ್ನು ಮೆಲ್ಲಗೆ ಮೀಟುತ್ತಾ ಉಳಿದರು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ಕಿವಿ ಇದೆ ಕಣೇ," ಎಂದರು.

"ಇಲ್ದೆ ಎಲ್ಲಿಗೆ ಹೋಗುತ್ತೆ? ನಾನು ಕರೆದಾಗ ಮಾತ್ರ ಇರಲ್ಲ," ಎಂದು ದೊಡ್ಡಮ್ಮ ಶುರುಮಾಡಿದವರು, ಗಂಡನ ಮುಖ ನೋಡಿ ನಿಲ್ಲಿಸಿದರು. ಅವರಿಗೆ ಆಗಲೇ ಎಲ್ಲ ಅರ್ಥವಾಯಿತು. ಒಂದು ಮಾತೂ ಬೈಯದೆ ಅವರ ಭುಜದ ಮೇಲೆ ಕೈಯಿಟ್ಟು ನಿಂತರು. ನನಗೂ ಹೋದ ಜೀವ ಬಂದಂತಾಗಿತ್ತು.

ಆಮೇಲೆ ಆಯ್ಕೆ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಂಕೆಂದು ಬಿಟ್ಟಿದ್ದ ಪೆಟ್ಟಿಗೆಗಳೆಲ್ಲ ಒಮ್ಮೆಲೇ ಒಳ್ಳೆಯವಾಗಿದ್ದವು. ಕೂತೇ ಎಲ್ಲವನ್ನೂ ಮತ್ತೆ ಕೇಳಿ, ಕಾಲಲ್ಲಿ ಒತ್ತುವ ಆ ಎರಡನೆಯದನ್ನೇ ತೆಗೆದುಕೊಂಡರು. ಮೂರು ಬಗೆಯ ಹಾಡಿಗೂ ಅದು ಒಗ್ಗುತ್ತಿತ್ತು, ಒಂದೇ ಕೈಯಲ್ಲಿ ಎತ್ತಿಕೊಳ್ಳುವಷ್ಟು ಹಗುರವಾಗಿತ್ತು. ಈಗ ಹೋಟೆಲಿನಲ್ಲಿ ಅದು ಕುರ್ಚಿಯ ಮೇಲೆ, ದೊಡ್ಡಪ್ಪನ ಕಿವಿಯ ಕಡೆಗೆ ಬಾಯಿ ಮಾಡಿ ಕೂತಿರುತ್ತದೆ. ಗಾಯಕಿಯ ಎರಡೂ ಕೈ ಮೈಕಿನ ಮೇಲಿರುತ್ತವೆ. ಬೇರೆ ಗಿಟಾರಿನವರ ಮಾತನ್ನು ಮತ್ತೆ ಯಾರೂ ಎತ್ತಿಲ್ಲ.

ಅವತ್ತು ಮನೆಗೆ ಬಂದ ಮೇಲೆ ದೊಡ್ಡಪ್ಪ ಪಡಸಾಲೆಯಲ್ಲಿ ಹೊಸ ಪೆಟ್ಟಿಗೆಯ ಮುಂದೆ ಕೂತಿದ್ದರು. ದೊಡ್ಡಮ್ಮ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳದಷ್ಟು ಸಣ್ಣ ದನಿಯಲ್ಲಿ, "ರೀ," ಎಂದರು.

"ಹೂಂ," ಎಂದರು ದೊಡ್ಡಪ್ಪ ಪಡಸಾಲೆಯಿಂದ. ನಗುತ್ತಾ ಬಾಗಿಲ ಕಡೆ ತಿರುಗಿ, "ಇನ್ನೊಂದ್ಸಲ ಕರಿ," ಎಂದರು.