ಗ್ಲೂಕೋಸ್ ಅಕ್ಕ

ಸಕ್ಕರೆ ಕಾಯಿಲೆಯ ಸಂಶೋಧನಾ ವಿಭಾಗದ ನರ್ಸನ್ನು ಎಲ್ಲರೂ ಕರೆಯುವುದು ಗ್ಲೂಕೋಸ್ ಅಕ್ಕ ಎಂದೇ. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾದವರಲ್ಲಿ ಯಾರು ದಾರಿಯಲ್ಲಿ ಕಾಫಿ ಹೀರಿದ್ದಾರೆಂದು ಮುಖ ನೋಡಿಯೇ ಹೇಳುತ್ತಾಳೆ. "ಮೀಸೆ ಒರೆಸ್ಕೊಂಡು ನಾಳೆ ಬನ್ನಿ," ಎಂದು ಅಂಥವರನ್ನು ವಾಪಸು ಅಟ್ಟುತ್ತಾಳೆ. ಉಳಿದವರ ಕೈಗೆ ಸಿಹಿನೀರಿನ ಲೋಟ ಕೊಟ್ಟು, ಅದು ಖಾಲಿಯಾಗುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಆಮೇಲೆ ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾಳೆ. "ಇನ್ನೂ ಎಷ್ಟು ಸಲ ಚುಚ್ತೀರಾ?" ಎಂದು ಮುಖ ಸಿಂಡರಿಸಿದವರಿಗೆ ಪಾಠ ಬೇರೆ: "ಸಕ್ಕರೆ ಬಂತು ಅಂತ ಕರುಳು ಹಾರ್ಮೋನ್ ಕಳ್ಸಿ ಕೂಗುತ್ತೆ, ಮೇದೋಜೀರಕ ಗ್ರಂಥಿ ಕೇಳಿಸ್ಕೊಂಡು ಇನ್ಸುಲಿನ್ ಬಿಡುತ್ತೆ. ಸಕ್ಕರೆ ಕಾಯಿಲೆಯೋರ ಗ್ರಂಥಿ ಕಿವುಡು, ಕಾಯಿಲೆಯ ಗಡೀಲಿರೋರದ್ದು ಅರೆಕಿವುಡು. ಎಷ್ಟು ಕಿವುಡು ಅಂತ ನೋಡೋದೇ ನಮ್ಮ ಕೆಲಸ!" ಹಿರಿಯ ಡಾಕ್ಟರು ಕೂಡ ಆಕೆಯೆದುರು ಬಿಸ್ಕತ್ತು ಬಾಯಿಗಿಡಲು ಹೆದರುತ್ತಾರೆ. ಕಳೆದ ವಾರ, ಹೋಲಿಸಿ ನೋಡಲು ಆರಿಸಿದ್ದ ಆರೋಗ್ಯವಂತರ ಗುಂಪಿನಲ್ಲಿ ಒಬ್ಬರು ಬರುವುದಿಲ್ಲವೆಂದು ಕೈಕೊಟ್ಟರು. "ನಾನಿಲ್ವಾ, ಗುಂಡುಕಲ್ಲು!" ಎಂದ ಆಕೆ ಮರುದಿನ ಉಪವಾಸವಿದ್ದು ಬಂದು ತಾನೇ ತೋಳು ಚಾಚಿ ಕುಳಿತಳು. ಫಲಿತಾಂಶ ಗಡಿಯಲ್ಲಿ ಬಂತು. "ಯಾರಿಗೂ ಹೇಳಲ್ಲ ಬಿಡಮ್ಮ," ಎಂದರು ಡಾಕ್ಟರು ಮೆಲ್ಲಗೆ. ಆಕೆ ಚೀಟಿಯನ್ನು ಎರಡು ಸಲ ಓದಿ, ಅವರೆದುರೇ ತಂಗಿಗೆ ಫೋನು ಮಾಡಿದಳು: "ನಾಳೆ ಏನೂ ತಿನ್ನದೆ ಇಲ್ಲಿಗೆ ಬಾ. ನಗಬೇಡ ಕಣೇ, ಅಮ್ಮಂಗೆ ಸಕ್ಕರೆ ಕಾಯಿಲೆ ಅಂತ ಕಣ್ಣು ಹೋದ್ಮೇಲೆ ತಾನೆ ಗೊತ್ತಾಗಿದ್ದು?"