ಎಡಕ್ಕೆ ಬಿಸಿ

ನಮ್ಮ ಮಾವನವರನ್ನು ಬೀದಿಯವರೆಲ್ಲ ಪೇಪರ್ ಮೇಸ್ತ್ರಿ ಅನ್ನುತ್ತಿದ್ದರು. ನಲವತ್ತು ವರ್ಷ ಪ್ಲಂಬಿಂಗ್ ಕೆಲಸ ಮಾಡಿದವರು. ನಲ್ಲಿ ಜೋಡಿಸಿದ ಮೇಲೆ ಅದರಡಿ ಹಳೆಯ ನ್ಯೂಸ್‌ಪೇಪರ್ ಹಾಸಿ, ಮನೆಯವರು ಕೊಟ್ಟ ಟೀಯನ್ನು ನಿಧಾನವಾಗಿ ಕುಡಿದು, ಪೇಪರಿನ ಮೇಲೆ ಒಂದು ಹನಿಯೂ ಬಿದ್ದಿಲ್ಲ ಎಂದು ತೋರಿಸಿದ ಮೇಲೆಯೇ ಚೀಲ ಹೆಗಲಿಗೇರಿಸುತ್ತಿದ್ದರು. ಅವರದು ಇನ್ನೊಂದು ಹಟ ಇತ್ತು, ಬಿಸಿನೀರು ಎಡಕ್ಕೇ ಬರಬೇಕು. ಯಾರ ಮನೆಗೆ ಊಟಕ್ಕೆ ಹೋದರೂ ಕೈತೊಳೆಯುವ ನೆಪದಲ್ಲಿ ಅಲ್ಲಿಯ ನಲ್ಲಿ ಪರೀಕ್ಷಿಸುತ್ತಿದ್ದರು. ಬಲಕ್ಕೆ ಬಿಸಿ ಬಂತೋ, ಊಟ ಮುಗಿಯುವವರೆಗೂ ಮುಖ ಗಂಟು. ಅತ್ತೆ ಬದುಕಿದ್ದಾಗ ಇದಕ್ಕಾಗಿ ಎಷ್ಟು ಸಲ ತಲೆ ಚಚ್ಚಿಕೊಂಡಿದ್ದರೋ.

ನನಗೂ ಅವರಿಗೂ ಮೊದಲ ದಿನದಿಂದಲೇ ಹಾವು ಮುಂಗುಸಿ. ನನಗೆ ಮೂಗಿನ ತುದಿಯಲ್ಲಿ ಕೋಪ, ಅವರಿಗೆ ನಾಲಿಗೆಯ ತುದಿಯಲ್ಲಿ ಕೊಂಕು. ನಮ್ಮ ಸಿಂಕಿಗೆ ಎರಡು ಹಳೇ ನಲ್ಲಿ. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಕೊರೆಯುವ ನೀರು. ಎರಡೂ ಬೆರೆತು ಬರುವ ಮಿಕ್ಸರ್ ಹಾಕಿಕೊಡಿ ಎಂದು ಹನ್ನೊಂದು ವರ್ಷ ಅವರ ಪ್ರಾಣ ತಿಂದೆ. ಮಹಾರಾಣಿಯವರ ಕೈ ನೋಡಿ ಎಂದು ನೆಂಟರೆದುರೇ ಆಡಿಕೊಳ್ಳುತ್ತಿದ್ದರು. ಆದರೆ ಒಂದು ಮಾತು, ಈ ಮನೆಯಲ್ಲಿ ಮುಖಸ್ತುತಿ ಮಾಡದವಳು ಇವಳೊಬ್ಬಳೇ ಎಂದು ಹೇಳುತ್ತಿದ್ದವರೂ ಅವರೇ.

ಹೋದ ವರ್ಷ ಎಡವಟ್ಟುಗಳು ಶುರುವಾದವು. ಒಂದು ಮನೆಯಲ್ಲಿ ಮೇನ್ ವಾಲ್ವ್ ಮುಚ್ಚದೆಯೇ ನಲ್ಲಿ ಬಿಚ್ಚಿ ಹಾಲ್‌ ತುಂಬ ನೀರು. ಇನ್ನೊಂದು ಮನೆಯಲ್ಲಿ ಅರ್ಧ ಕೆಲಸ ಬಿಟ್ಟು ಬಂದು, ಮುಗಿಸಿದ್ದೇನೆ ಎಂದು ಜಗಳವಾಡಿದರು. ಮರೆವಿನ ಕಾಯಿಲೆ ಎಂದರು ಡಾಕ್ಟರು. ಇನ್ನು ಕೆಲಸ ಸಾಕು ಎಂದು ನನ್ನ ಗಂಡ ಹೇಳಿದಾಗ ಮಾವ ಒಂದು ಷರತ್ತು ಹಾಕಿದರು. ನಮ್ಮ ಅಡುಗೆಮನೆಗೆ ಮಿಕ್ಸರ್ ಹಾಕುತ್ತೇನೆ, ಸೊಸೆ ನೋಡಿ ಸರಿಯಿದೆ ಅಂದರೆ ಕೆಲಸಕ್ಕೆ ಹೋಗುತ್ತೇನೆ, ಇಲ್ಲವಾದರೆ ಚೀಲ ಇಟ್ಟುಬಿಡುತ್ತೇನೆ ಎಂದರು. ಆ ಚೀಲ ಬಿಟ್ಟರೆ ಅವರಿಗೆ ಬದುಕೇ ಇರಲಿಲ್ಲ.

ಗಂಡ ಆಫೀಸಿಗೆ ಹೋದ ಮೇಲೆ ಶುರು ಮಾಡಿದರು. ವಾಲ್ವ್ ಮುಚ್ಚಿದ್ದನ್ನು ನನ್ನನ್ನು ಕರೆದು ತೋರಿಸಿದರು. ಹಳೆಯ ನಲ್ಲಿಗಳನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಸಿಂಕಿನಡಿ ಅಂಗಾತ ಮಲಗಿ ನಟ್ಟು ಬಿಗಿದು, ಬಿಸಿಯದೂ ತಣ್ಣಗಿನದೂ ಎರಡು ಪೈಪು ಸೇರಿಸಿದರು. ಕೈ ಒಮ್ಮೆಯೂ ತಡವರಿಸಲಿಲ್ಲ. ವಾಲ್ವ್ ತೆರೆದು ಪೇಪರ್ ಹಾಸಿದರು, ನಾನು ಟೀ ಕೊಟ್ಟೆ. ಕುಡಿದು ಮುಗಿಸಿದರು. ಪೇಪರ್ ಒಣಗಿಯೇ ಇತ್ತು. ನನಗೆ ಹೋದ ಜೀವ ಬಂದಂತಾಯಿತು.

ಹಿಡಿಯನ್ನು ಎಡಕ್ಕೆ ತಿರುಗಿಸಿ ಕೈಯೊಡ್ಡಿದೆ. ತಣ್ಣೀರು. ಪೈಪಿನಲ್ಲಿರುವ ನೀರು ಹೋಗಬೇಕಲ್ಲ, ಸ್ವಲ್ಪ ತಾಳು ಎಂದರು. ತಾಳಿದೆ. ಗೀಸರ್ ಉರಿಯುತ್ತಿತ್ತು, ನನ್ನ ಬೆರಳು ಮರಗಟ್ಟುತ್ತಿತ್ತು. ಬಗ್ಗಿ ನೋಡಿದರೆ ಬಿಸಿಗೆ ಸೇರಬೇಕಾದ ಕೆಂಪು ಗುರುತಿನ ಪೈಪು ತಣ್ಣೀರಿಗೆ, ನೀಲಿಯದು ಬಿಸಿಗೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಂತು ಮಾವ. ಬಿಸಿ ಬಂತು, ಸರಿಯಾಗಿದೆ," ಅಂದೆ.

ಅವರು ಎದ್ದು ಬಂದು ನೀರಿಗೆ ಕೈಯೊಡ್ಡಿದರು. ಎಷ್ಟು ಹೊತ್ತಾದರೂ ನೀರು ಬಿಸಿಯಾಗಲಿಲ್ಲ. ಆಮೇಲೆ ನಲ್ಲಿ ನಿಲ್ಲಿಸಿ, ಒಣ ಪೇಪರನ್ನು ನಾಲ್ಕಾಗಿ ಮಡಿಸಿದರು.

"ನೀನೂ ಸುಳ್ಳು ಹೇಳೋ ಹಾಗೆ ಆಗೋಯ್ತಲ್ಲಮ್ಮ," ಎಂದರು.

ಅಲ್ಲಿಯವರೆಗೆ ನನ್ನನ್ನು ಅಮ್ಮ ಅಂದವರಲ್ಲ. ಒಂದೊಂದೇ ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕಿ, ತಾವೇ ಅಟ್ಟಕ್ಕೇರಿಸಿದರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಪೈಪು ಅದಲುಬದಲು ಮಾಡಿಸೋಣ, ಐದು ನಿಮಿಷದ ಕೆಲಸ ಎಂದು ಗಂಡ ಹೇಳಿದರು. ನಾನು ಮುಟ್ಟಗೊಡಲಿಲ್ಲ. ಆ ಕೈ ಕೊನೆಯದಾಗಿ ಬಿಗಿದ ನಟ್ಟುಗಳು ಅವು.

ಈಗ ಮಾವನಿಗೆ ನಾನು ಯಾರೆಂದೂ ಗೊತ್ತಿಲ್ಲ. ಆದರೆ ದಿನಾ ಅಡುಗೆಮನೆಗೆ ಬಂದು ಹಿಡಿಯನ್ನು ಎಡಕ್ಕೆ ತಿರುಗಿಸಿ ಕೈಯೊಡ್ಡುತ್ತಾರೆ, ಮುಖ ಗಂಟಿಕ್ಕುತ್ತಾರೆ.

"ಯಾವನ್ರೀ ಇದನ್ನ ಹಾಕಿದ್ದು? ಬಿಸಿ ಎಡಕ್ಕೆ ಬರ್ಬೇಕು ಅಂತ ಗೊತ್ತಿಲ್ವಾ ಅವನಿಗೆ?"

"ಯಾರೋ ಗೊತ್ತಿಲ್ಲದೋರು ಹಾಕಿದ್ರು," ಅನ್ನುತ್ತೇನೆ. "ನಿಮ್ಮನ್ನೇ ಕರೆಸ್ಬೇಕಿತ್ತು."

"ಕರೆಸ್ಬೇಕಿತ್ತು," ಎಂದು ತಲೆಯಾಡಿಸಿ, ತಮ್ಮ ಚೀಲ ಹುಡುಕಲು ಹೋಗುತ್ತಾರೆ.