ಜಗಲಿಗೆ ಬಂದ ದೊಡ್ಡ ಅಕ್ಷರ

ಕಳೆದ ವಾರ ಮಣಿಪಾಲದ ನಮ್ಮ ಕಚೇರಿಯಲ್ಲಿ ಯಾರದೋ ಚಾರ್ಜರ್ ಸುಟ್ಟುಹೋಯಿತು. ಬೆಂಕಿಯೇನೂ ಹತ್ತಲಿಲ್ಲ. ಪ್ಲಗ್ ಕಿತ್ತರು, ಕಿಟಕಿ ತೆರೆದರು, ನಗುತ್ತಾ ಕೆಲಸಕ್ಕೆ ಮರಳಿದರು. ನಾನು ಮಾತ್ರ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕರಗಿದ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ನಮ್ಮ ಮನೆಯ ಕಿಟಕಿ ಕಾಣುತ್ತದೆ, ಕಿಟಕಿಯ ಕೆಳಗೆ ಒರಗಿ ಕೂತ ಅತ್ತಿಗೆ ಕಾಣುತ್ತಾಳೆ. ಆಮೇಲೆ ದೊಡ್ಡಮ್ಮ...

ದೊಡ್ಡಮ್ಮ ಎಂದರೆ ಪಕ್ಕದ ಮನೆಯವರು. ರಕ್ತಸಂಬಂಧವೇನೂ ಇರಲಿಲ್ಲ. ಇನ್ನಂಜೆಯಲ್ಲಿ ನಮ್ಮ ಮನೆಯ ಜಗಲಿ ಮಧ್ಯಾಹ್ನದ ಹೊತ್ತು ಬೀಡಿ ಕಟ್ಟುವವರದ್ದು. ಅಮ್ಮ, ಕೆಳಗಿನ ಮನೆಯ ಅತ್ತಿಗೆ, ಇನ್ನೂ ಕೆಲವರು ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ನೂಲು ಸುತ್ತುತ್ತಿದ್ದರು. ದೊಡ್ಡಮ್ಮ ಮಾತ್ರ ಕಂಬಕ್ಕೆ ಒರಗಿ ಕಾದಂಬರಿ ಓದುತ್ತಿದ್ದರು, ಎಲ್ಲರಿಗೂ ಕೇಳುವಂತೆ. ಓದುವವಳ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಬೇಕು. ಅದು ನಮ್ಮ ಜಗಲಿಯ ಕಟ್ಟಳೆ. ಯಾರು ಯಾವಾಗ ಶುರುಮಾಡಿದ್ದೋ ಗೊತ್ತಿಲ್ಲ. ನಾನು ಹುಟ್ಟುವ ಮೊದಲೇ ಇತ್ತು.

ಅವರ ಓದಿನಲ್ಲಿ ಅತ್ತೆಗೆ ಒಂದು ದನಿ, ಸೊಸೆಗೆ ಇನ್ನೊಂದು. ಕೆಟ್ಟವನು ಬಾಗಿಲು ತಟ್ಟುವಾಗ ಅವರು ನೆಲ ತಟ್ಟುತ್ತಿದ್ದರು. ಸರಿಯಾಗಿ ಅಲ್ಲಿಗೇ ಪುಸ್ತಕ ಮಡಚಿ, "ಇನ್ನು ಚಾ ಕುಡಿದ ಮೇಲೆ" ಎನ್ನುತ್ತಿದ್ದರು.

"ಬಾಗಿಲು ತೆಗೆದಳಾ ಇಲ್ಲವಾ, ಅಷ್ಟು ಹೇಳಿ ಮಾರಾಯ್ರೆ" ಎಂದು ಅತ್ತಿಗೆ ಗೋಗರೆಯುತ್ತಿದ್ದಳು.

"ಚಾಕ್ಕೆ ಸಕ್ಕರೆ ಸರಿ ಹಾಕಿದರೆ ತೆಗೆಯುತ್ತಾಳೆ."

ನಾನು ನಿಟ್ಟೆಯ ಕಾಲೇಜು ಹಾಸ್ಟೆಲಿನಲ್ಲಿದ್ದ ಕೊನೆಯ ವರ್ಷ ದೊಡ್ಡಮ್ಮನ ಕಣ್ಣು ಕೈಕೊಟ್ಟಿತು. ಪೊರೆಯಲ್ಲ, ಒಳಗಿನ ಪರದೆಯದ್ದೇ ಸವಕಳಿ, ಕನ್ನಡಕ ಬದಲಿಸಿ ಉಪಯೋಗವಿಲ್ಲ ಎಂದರಂತೆ ಡಾಕ್ಟರು. ನೇರ ನೋಡಿದ್ದು ಮಸುಕು, ಅಂಚಿನಲ್ಲಿದ್ದದ್ದು ಮಾತ್ರ ಸ್ಪಷ್ಟ. ಅಕ್ಷರ ತುಂಬಾ ದೊಡ್ಡದಿದ್ದರೆ ಓದಬಹುದು. ಅಷ್ಟು ದೊಡ್ಡ ಅಕ್ಷರದ ಕಾದಂಬರಿಯನ್ನು ಯಾರು ಅಚ್ಚು ಹಾಕುತ್ತಾರೆ? ಎಲೆ ಕತ್ತರಿಸುವುದಕ್ಕೂ ಕಣ್ಣು ಬೇಕು. ರಜೆಗೆ ಬಂದಾಗ ಕಂಬದ ಬುಡ ಖಾಲಿ ಇತ್ತು. "ನೀನು ಬಂದು ಸುಮ್ಮನೆ ಕೂತುಕೋ ಅಕ್ಕ, ನಿನ್ನ ಪಾಲು ನಾವು ಕಟ್ಟುತ್ತೇವೆ" ಎಂದು ಅಮ್ಮ ಕರೆದಿದ್ದಳಂತೆ. "ಓದದೆ ಕೂತವಳಿಗೆ ಪಾಲು ಯಾಕೆ? ನನಗೆ ಬೇಡ" ಎಂದು ಅವರು ಮನೆಯಿಂದ ಹೊರಗೇ ಬರಲಿಲ್ಲ.

ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿ ಓದುವ ಇ-ರೀಡರ್ ಎಂಬುದು ಉಂಟು ಎಂದು ಹೇಳಿದವಳು ನಾನೇ. ಜಗಲಿಯವರು ಬೀಡಿಯ ಬೋನಸ್ಸಿನಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟರು. ಅದು ದೊಡ್ಡ ಮೊತ್ತವೇನಲ್ಲ. ಫೋನಿನಲ್ಲಿ ಹುಡುಕುತ್ತಾ ಹೋದಂತೆ ತಲೆ ಕೆಟ್ಟಿತು. ಅಗ್ಗದ ಒಂದರಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಮೂಡುತ್ತದಂತೆ. ಇನ್ನೊಂದರಲ್ಲಿ ಎಲ್ಲವೂ ಸರಿ, ಬೆಲೆ ಮಾತ್ರ ನಮ್ಮದಲ್ಲ. ಪುಟವನ್ನು ಫೋಟೋ ಹೊಡೆದಂತಿರುವ ಪುಸ್ತಕ ಹಾಕಿದರೆ ಅಕ್ಷರ ದೊಡ್ಡದು ಮಾಡುವಾಗ ಸಾಲಿನ ಅರ್ಧ ಪರದೆಯಾಚೆ ಹೋಗುತ್ತದೆ. ಇದನ್ನೆಲ್ಲ ನಾನು ವಿವರಿಸುತ್ತಿದ್ದಾಗ ಅತ್ತಿಗೆ ತನ್ನ ಮನೆಯಿಂದ ಒಂದು ಟ್ಯಾಬ್ ತಂದಳು. ಅವಳ ಮೈದುನ ಮಸ್ಕತ್ತಿನಲ್ಲಿ ಬಳಸಿ ಬಿಟ್ಟದ್ದು. "ಹಣ ಯಾಕೆ ಹಾಳು? ಇದರಲ್ಲಿ ಬಣ್ಣವೂ ಬರುತ್ತದೆ" ಎಂದಳು. ಅದರ ಬೆನ್ನು ತುಸು ಉಬ್ಬಿತ್ತು. ಬಿದ್ದು ಹಾಗಾಗಿದೆ ಎಂದುಕೊಂಡೆವು.

ದೊಡ್ಡಮ್ಮ ಒಂದು ಷರತ್ತು ಹಾಕಿದರು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ನೋಡದೆ ಪಾಸ್ ಮಾಡುತ್ತಾನೆಯೇ? ಹಾಗೆಯೇ ಇದನ್ನೂ ಜಗಲಿಯಲ್ಲಿ ಒಂದಿಡೀ ಮಧ್ಯಾಹ್ನ ಓದಿ ನೋಡಬೇಕು.

ಆ ಮಧ್ಯಾಹ್ನ ಬಿಸಿಲು ಅಂಗಳದಿಂದ ಜಗಲಿಗೆ ಹೊಡೆಯುತ್ತಿತ್ತು. ಪರದೆಯಲ್ಲಿ ಅಕ್ಷರದ ಬದಲು ಅವರದ್ದೇ ಮುಖ. "ನನ್ನ ಮುಖ ಓದಲಿಕ್ಕೆ ಇದು ಬೇಕಾ?" ಎಂದರು. ಎಲ್ಲರೂ ನಕ್ಕರು. ಅಷ್ಟರಲ್ಲಿ ಚಾರ್ಜ್ ಮುಗಿಯಿತು. ಅತ್ತಿಗೆ ಅದನ್ನು ಕಿಟಕಿಯ ದಂಡೆಯಲ್ಲಿಟ್ಟು ಚಾರ್ಜಿಗೆ ಹಾಕಿ, ಅದೇ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತಳು. ಅವಳಿಗೆ ಆಗ ಏಳನೆಯ ತಿಂಗಳು. ಪಕ್ಕದಲ್ಲೇ ಒಣ ಎಲೆಯ ಎರಡು ಚೀಲಗಳಿದ್ದವು. ದೊಡ್ಡಮ್ಮ ಹಳೆಯ ಕತೆಯೊಂದನ್ನು ಬಾಯಿಂದಲೇ ಹೇಳತೊಡಗಿದರು. ನಾವೆಲ್ಲ ಅವರ ಮುಖ ನೋಡುತ್ತಿದ್ದೆವು.

ಕತೆ ಹೇಳುತ್ತಿದ್ದವರು ನಡುವೆ ನಿಲ್ಲಿಸಿದರು. ಚಾಕ್ಕಾಗಿ ಎಂದುಕೊಂಡೆ.

"ಏಳು" ಎಂದರು. ಯಾರಿಗೆಂದು ತಿಳಿಯಲಿಲ್ಲ. "ಏಳು ಹೆಣ್ಣೇ!"

ಅಷ್ಟರಲ್ಲಿ ಬುಸ್ಸೆಂಬ ಸದ್ದು. ಅತ್ತಿಗೆಯ ತಲೆಯ ಮೇಲೆ ದಂಡೆಯಲ್ಲಿ, ಬೆನ್ನು ಉಬ್ಬಿದ ಆ ಟ್ಯಾಬಿನಿಂದ ಬಿಳಿ ಹೊಗೆ ಏಳುತ್ತಿತ್ತು. ಅವಳು ಏಳಲು ನೋಡಿದಳು, ಆಗಲಿಲ್ಲ. ನಾನು ಅಲ್ಲೇ ಇದ್ದೆ, ಅವಳಿಂದ ಒಂದು ಮಾರು ದೂರದಲ್ಲಿ. ಅಮ್ಮನ ಕೈಯಲ್ಲಿ ಕತ್ತರಿ ಹಾಗೆಯೇ ಇತ್ತು. ಎಲ್ಲವೂ ಕಾಣುತ್ತಿತ್ತು, ಮೈ ಮಾತ್ರ ನಮ್ಮದಾಗಿರಲಿಲ್ಲ... ದೊಡ್ಡಮ್ಮ ಎದ್ದದ್ದು ನನಗೆ ಕಾಣಲಿಲ್ಲ. ಕಂಡಾಗ ಅವರು ಸ್ವಿಚ್ಚು ಆರಿಸಿ, ಎಲೆಗೆ ಹೊದೆಸುವ ಒದ್ದೆ ಗೋಣಿಯನ್ನು ಟ್ಯಾಬಿನ ಮೇಲೆ ಎಸೆದು, ಗೋಣಿಯ ಸಮೇತ ತಡ್ಪೆಗೆ ಎಳೆದುಕೊಂಡಿದ್ದರು. ಎರಡೂ ಕೈ ಚಾಚಿ ಹಿಡಿದು, ಜಗಲಿ ಇಳಿದು, ಅಂಗಳದ ನಡುವಿಗೆ ಬೀಸಿ ಒಗೆದರು. ತಡ್ಪೆ ನೆಲ ಮುಟ್ಟುತ್ತಲೇ ಉರಿ ಭಗ್ಗೆಂದು ಎದ್ದಿತು. ಆ ಉರಿ ಎಲೆಯ ಚೀಲಗಳ ಮೇಲೆ ಎದ್ದಿದ್ದರೆ ಎಂದು ನಾನು ಇಂದಿಗೂ ಲೆಕ್ಕ ಹಾಕುತ್ತೇನೆ. ಪ್ರತಿ ಸಲವೂ ಅತ್ತಿಗೆಯ ಕೂದಲಿನವರೆಗೆ ಬಂದು ನಿಲ್ಲಿಸುತ್ತೇನೆ. ಮುಂದಕ್ಕೆ ಯೋಚಿಸಲಾಗುವುದಿಲ್ಲ.

ನೇರ ನೋಡುವ ನಮ್ಮ ಕಣ್ಣಿಗೆ ಕಾಣದ ಹೊಗೆ ಅವರ ಕಣ್ಣಂಚಿಗೆ ಸಿಕ್ಕಿತ್ತು. ಅದಕ್ಕಿಂತ, ಕಂಡ ಮೇಲೆ ಅವರು ಎದ್ದರು. ಇದನ್ನು ಹೇಳುವಾಗಲೆಲ್ಲ ನನಗೆ ಎದೆಯುಬ್ಬುತ್ತದೆ.

ಬಲಗೈಯ ಬೆರಳುಗಳು ಸುಟ್ಟಿದ್ದವು. ಅತ್ತಿಗೆ ಅಳುತ್ತಿದ್ದಳು, ತಾನು ತಂದದ್ದರಿಂದಲೇ ಹೀಗಾಯಿತು ಎಂದು.

"ಅಳಬೇಡ ಮಾರಾಯ್ತಿ" ಎಂದರು ದೊಡ್ಡಮ್ಮ, ಕೈಯನ್ನು ನೀರಿನ ಬಾಲ್ದಿಯಲ್ಲಿ ಮುಳುಗಿಸಿಕೊಂಡು. "ನಾನು ಬಾಯಿಪಾಠ ಹೇಳಿದ್ದು ನೋಡಿ ಅದಕ್ಕೆ ಹೊಟ್ಟೆ ಉರಿಯಿತು. ಅದು ರಿಜೆಕ್ಟ್."

ಅಮ್ಮ ಖಂಡಿತವಾಗಿ ಹೇಳಿದಳು, ಕರೆಂಟಿನ ಪುಸ್ತಕ ಇನ್ನು ಈ ಜಗಲಿಗೆ ಬರಬಾರದು. ಎಲ್ಲರೂ ತಲೆಯಾಡಿಸಿದರು, ನಾನೂ. ಸುಟ್ಟ ಕೈಯವರು ಮಾತ್ರ ಒಪ್ಪಲಿಲ್ಲ. "ನಾನು ಹೆದರಲಿಲ್ಲ, ನಿಮಗೆಂತ ಹೆದರಿಕೆ? ಮೊಬೈಲು ಇಲ್ಲದ ಮನೆ ಉಂಟಾ ಇಲ್ಲಿ?" ಎಂದು, ಅಲ್ಲೇ ಮೂರು ಮಾತು ಇಟ್ಟರು. ಯಾರೋ ಬಳಸಿದ್ದು ಬೇಡ, ಬಿಲ್ಲು ಇರುವ ಹೊಸದೇ ಬೇಕು. ಬಣ್ಣ ಬೇಡ. ಚಾರ್ಜಿಗೆ ಇಡುವುದು ಹಗಲು ಹೊತ್ತು, ಎಲೆ ಹೊಗೆಸೊಪ್ಪು ಇಲ್ಲದ ಕಡೆ, ಒಬ್ಬರು ಎದುರಿಗೆ ಕೂತಿರುವಾಗ.

ಗಾಯ ಮಾಗಿದ ಮೇಲೆ ನಾವಿಬ್ಬರೂ ಉಡುಪಿಗೆ ಹೋದೆವು. ಅಂಗಡಿಯವರು ಎರಡು ಇ-ರೀಡರ್ ಮುಂದಿಟ್ಟರು. ಒಂದಕ್ಕೆ ಒಳಗಿನಿಂದ ಬೆಳಕು ಬರುತ್ತದೆ. ಇನ್ನೊಂದು ಬೂದು ಬಣ್ಣದ ಹಳೆಯ ಮಾದರಿ, ಬೆಳಕಿಲ್ಲ, ಬೆಲೆ ಕಡಿಮೆ. "ರಾತ್ರಿ ಓದಲಿಕ್ಕೆ ಲೈಟ್ ಇದ್ದದ್ದೇ ಒಳ್ಳೆಯದು ಅಮ್ಮ" ಎಂದರು ಅವರು.

"ರಾತ್ರಿ ನಮ್ಮಲ್ಲಿ ಎಲ್ಲರೂ ಮಲಗುತ್ತಾರೆ. ಯಾರಿಗೆ ಓದುವುದು?"

ನಾನು ಫೋನಿನಲ್ಲಿದ್ದ ಒಂದು ಕನ್ನಡ ಕತೆಯನ್ನು, ಅಂಗಡಿಯವರ ಒಪ್ಪಿಗೆ ಕೇಳಿ, ಹಳೆಯ ಮಾದರಿಗೆ ಹಾಕಿದೆ. ಚೌಕಗಳಿಲ್ಲ, ಒತ್ತಕ್ಷರ ಜಾಗದಲ್ಲೇ ಇತ್ತು. ಅಕ್ಷರವನ್ನು ಹಿಗ್ಗಿಸುತ್ತಾ ಹೋದೆ, ಒಂದು ಸಾಲಿಗೆ ಮೂರೋ ನಾಲ್ಕೋ ಪದ ಉಳಿಯುವವರೆಗೆ. ದೊಡ್ಡಮ್ಮ ಅದನ್ನು ಎತ್ತಿಕೊಂಡು ನೇರ ಹೊರಗೆ ನಡೆದರು.

"ಅಯ್ಯೋ, ಎಲ್ಲಿಗೆ ಅಮ್ಮ?"

"ಬಿಸಿಲಿಗೆ. ನಿಮ್ಮ ಟ್ಯೂಬ್‌ಲೈಟ್ ನಮ್ಮ ಜಗಲಿಯಲ್ಲಿ ಇಲ್ಲ."

ಫುಟ್‌ಪಾತಿನಲ್ಲಿ, ಹೊಡೆಯುವ ಬಿಸಿಲಿನಲ್ಲಿ, ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ ಓದತೊಡಗಿದರು. ಮೊದಲ ಸಾಲಿನಲ್ಲಿ ತಡವರಿಸಿದರು. ಎರಡನೆಯದರಲ್ಲಿ ದನಿ ಬಂತು. ಕತೆಯ ಗಂಡಸಿಗೆ ಗಡಸು, ಹೆಂಗಸಿಗೆ ಕೊಂಕು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಹತ್ತಿರ ಬಂದು ನಿಂತರು. ಅಂಗಡಿಯವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ನನಗೆ ಅಲ್ಲಿದ್ದವರಿಗೆಲ್ಲ ಹೇಳಬೇಕೆನಿಸಿತು, ಇವರು ನಮ್ಮ ದೊಡ್ಡಮ್ಮ ಎಂದು. ರೋಚಕವಾದ ಕಡೆ ಓದು ನಿಂತಿತು.

"ಮತ್ತೆ ಎಂತಾಯಿತು?" ಎಂದಳು ಕಾಯುತ್ತಿದ್ದವಳೊಬ್ಬಳು.

"ಇನ್ನಂಜೆಗೆ ಬನ್ನಿ, ಹೇಳುತ್ತೇನೆ" ಎಂದು ಅಂಗಡಿಯವರ ಕಡೆ ತಿರುಗಿದರು. "ಇದು ಪಾಸ್. ಬಿಲ್ಲು ಮಾಡಿ."

ಮರುದಿನದಿಂದ ಅವರ ಪಾಲಿನ ಬೀಡಿ ಮತ್ತೆ ಎಲ್ಲರ ತಡ್ಪೆಯಲ್ಲಿ ಹಂಚಿಹೋಯಿತು. ಅತ್ತಿಗೆಯ ಮಗಳು ಆ ದನಿ ಕೇಳುತ್ತಲೇ ಹುಟ್ಟಿದಳು, ಆ ದನಿಗೇ ನಿದ್ದೆ ಹೋದಳು, ಮಾತು ಕಲಿತ ಮೇಲೆ "ಮತ್ತೆ?" ಎಂದು ಕೇಳುವುದನ್ನೂ ಕಲಿತಳು. ದೊಡ್ಡಮ್ಮ ಕೊನೆಯ ಮಳೆಗಾಲದವರೆಗೂ ಓದಿದರು. ಸಣ್ಣ ಜ್ವರವೆಂದು ಮಲಗಿದವರು ಏಳಲಿಲ್ಲ.

ಈಗ ಬೀಡಿ ಕಟ್ಟುವವರೂ ಕಡಿಮೆಯಾಗಿದ್ದಾರೆ. ಭಾನುವಾರ ಊರಿಗೆ ಹೋದಾಗ ಇದ್ದವರಿಗೆ ನಾನು ಓದುತ್ತೇನೆ. ದೊಡ್ಡಮ್ಮನ ಆ ಇ-ರೀಡರಿನಲ್ಲಿ ಪುಟ ಮಗುಚುವಾಗ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳ್ಳಗಾಗುತ್ತದೆ. ಅಷ್ಟು ಹೊತ್ತೂ ದೊಡ್ಡಮ್ಮ ಸುಮ್ಮನಿರುತ್ತಿರಲಿಲ್ಲವಂತೆ. ಮುಂದಿನ ಪುಟದಲ್ಲಿ ಎಂತ ಆಗುತ್ತದೆಂದು ತಾವೇ ಒಂದು ಮಾತು ಹೇಳಿಬಿಡುತ್ತಿದ್ದರಂತೆ, ಬಹಳ ಸಲ ತಪ್ಪಾಗಿ, ಆದರೆ ಪುಸ್ತಕಕ್ಕಿಂತ ಚೆನ್ನಾಗಿ. ನಾನು ಪುಟ ಮಗುಚುತ್ತೇನೆ. ಪರದೆ ಕಪ್ಪಾಗುತ್ತದೆ. ಆ ಮಾತಿಗೆ ಕಾದಂತೆ ಕತ್ತರಿಗಳೆಲ್ಲ ನಿಲ್ಲುತ್ತವೆ. ಮತ್ತೆ ಅಕ್ಷರಗಳು ಬರುತ್ತವೆ, ನಾನು ಓದುತ್ತೇನೆ...